ಬಿಸಿ ಆರಬಾರದ ಎಣ್ಣೆ

ಸುಮ್ನೆ ಆಫ್ರಿಕಾದ ಮ್ಯಾಪ್ ನೋಡುತ್ತಿದ್ದೆ. ಉಗಾಂಡಾಕ್ಕೆ ಸಮುದ್ರವೇ ಇಲ್ಲ. 2006ರಲ್ಲಿ ಅಲ್ಲಿನ ಆಲ್ಬರ್ಟ್ ಸರೋವರದ ಹತ್ತಿರ ಕಚ್ಚಾ ತೈಲ ಸಿಕ್ಕಿತು, ಆದರೆ ಹೊರಗೆ ಮಾರಬೇಕು ಅಂದರೆ ಹಡಗು ಬೇಕು, ಹಡಗಿಗೆ ಬಂದರು ಬೇಕು, ಬಂದರು ಇರುವುದು ಪಕ್ಕದ ದೇಶದಲ್ಲಿ. ಹಾಗಾಗಿ ಉಗಾಂಡಾದ ಹೊಯಿಮಾ ಕಡೆಯಿಂದ ಟಾಂಜಾನಿಯಾದ ಟಾಂಗಾ ಬಂದರಿನ ತನಕ 1,443 ಕಿಲೋಮೀಟರ್ ಪೈಪು. ಮುಕ್ಕಾಲಿಗಿಂತ ಜಾಸ್ತಿ ಭಾಗ ಟಾಂಜಾನಿಯಾದೊಳಗೇ ಇದೆ! ಮೊದಲು ಕೀನ್ಯಾ ಮೂಲಕ ಒಯ್ಯುವ ಮಾತಿತ್ತು, 2016ರಲ್ಲಿ ದಾರಿ ಬದಲಾಯಿತು.

ನನ್ನ ತಲೆ ಕೊರೆಯುತ್ತಿರುವುದು ಮಾತ್ರ ಆ ಎಣ್ಣೆಯ ಸ್ವಭಾವ. ಅದರಲ್ಲಿ ಮೇಣ ಜಾಸ್ತಿ. ಹಾಗೇ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತದೆ, ಹರಿಯುವ ಮಾತೇ ಇಲ್ಲ. ಅದಕ್ಕೇ 24 ಇಂಚಿನ ಉಕ್ಕಿನ ಪೈಪಿನ ಸುತ್ತ ಫೋಮ್ ಹೊದಿಸಿ, ಜೊತೆಗೆ ಕರೆಂಟಿನ ಕೇಬಲ್ ಎಳೆದು, ಒಳಗಿನ ಎಣ್ಣೆ 50 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಹಾಗೆ ನೋಡಿಕೊಳ್ಳಬೇಕು. ಇಷ್ಟೆಲ್ಲ ನೆಲದಡಿಯಲ್ಲಿ. ಮೇಲೆ ನಿಂತವರಿಗೆ ಏನೂ ಕಾಣಿಸುವುದಿಲ್ಲ.

ಎಂಜಿನಿಯರುಗಳ ಕೆಲಸಕ್ಕೆ ಸಲಾಂ ಹೊಡೆಯಬೇಕು, ನಿಜ. ಆದರೆ ದಾರಿಯಲ್ಲಿ ಹೊಲ ಬಿಟ್ಟುಕೊಟ್ಟವರ ಪರಿಹಾರದ ಜಗಳ ವರ್ಷಗಟ್ಟಲೆ ನಡೆದಿದೆ, ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ ಇದನ್ನು ವಿರೋಧಿಸಿದ ವಿದ್ಯಾರ್ಥಿಗಳನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದಾರೆ. 2022ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಕೂಡ ಯೋಜನೆ ಬಗ್ಗೆ ಆಕ್ಷೇಪ ಎತ್ತಿತು. ಅದಕ್ಕೆ ಉಗಾಂಡಾದವರಿಗೆ ಸಿಟ್ಟು ಬಂತು, ಅದೂ ಸಹಜವೇ ಅಲ್ವಾ? ತಾವು ಶತಮಾನದಿಂದ ಎಣ್ಣೆ ಸುಟ್ಟು ಈಗ ಬೇರೆಯವರಿಗೆ ಬೇಡ ಅಂದರೆ ಯಾರು ಕೇಳುತ್ತಾರೆ. ನನಗಂತೂ ಇದರಲ್ಲಿ ಒಂದೇ ಕಡೆ ನಿಲ್ಲುವುದಕ್ಕೆ ಆಗುತ್ತಿಲ್ಲ.