ಇದು ಯಾವ ವರ್ಷದ ಕುಂಬಳೆ?

ಕಳೆದ ಭಾನುವಾರ ಪಕ್ಕದ ಮನೆಯ ಓಪಾ ನಮ್ಮ ನೆಲಮಾಳಿಗೆಗೆ ಇಳಿದು ಬಂದರು. ಮೆಟ್ಟಿಲು ಗುಡಿಸುವ ಸರದಿ ಈ ವಾರ ನಮ್ಮದು. ಗುಡಿಸಿರಲಿಲ್ಲ. ಅದನ್ನೇ ಹೇಳಲು ಬಂದರು ಅಂದುಕೊಂಡು ಪೊರಕೆ ಹುಡುಕತೊಡಗಿದೆ. ಅವರು ಬಂದದ್ದು ನನ್ನ ಕುಂಬಳೆಯನ್ನು ನೋಡಲು. ಕಾಸರಗೋಡಿನ ನಮ್ಮ ಊರು ಅದು, ಪುಟ್ಟ ರೈಲಿನ ಜೊತೆ ಹಲಗೆಯ ಮೇಲೆ ಕಟ್ಟುತ್ತಿದ್ದೇನೆ.

ಓಪಾ ಅಂದರೆ ಇಲ್ಲಿ ಜರ್ಮನಿಯಲ್ಲಿ ಅಜ್ಜ. ಮಗಳು ಹಾಗೆ ಕರೆಯುತ್ತಾಳೆ, ಮನೆಯೊಳಗೆ ನಾವೂ ಹಾಗೇ. ಅವರಿಗೆ 87 ವರ್ಷ. ನನ್ನ ರೈಲಿನ ಸ್ಕೇಲೂ 87. ಅಂದರೆ ನಿಜದಲ್ಲಿ 87 ಸೆಂಟಿಮೀಟರ್ ಇರುವುದು ಹಲಗೆಯ ಮೇಲೆ ಒಂದೇ ಸೆಂಟಿಮೀಟರ್. ಈ ಕಾಕತಾಳೀಯ ಅವರಿಗೆ ತುಂಬಾ ಇಷ್ಟ. ಬಂದವರಿಗೆಲ್ಲ ಹೇಳುತ್ತಾರೆ.

ಕಟ್ಟಲು ತೊಡಗಿ ಏಳು ತಿಂಗಳಾಯಿತು. 2 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಹಲಗೆ. ಅದರ ಮೇಲೆ ಒಂದು ಹಳಿ, ಪುಟ್ಟ ಪ್ಲಾಟ್‌ಫಾರಂ, ಹಳಿಯಾಚೆ ನಮ್ಮ ಹಳೇ ಮನೆ, ಬಾವಿ, ಅಡಿಕೆ ತೋಟದ ಒಂದು ತುಂಡು, ಐದು ತೆಂಗಿನ ಮರ. ಇದನ್ನು ಇಲ್ಲಿ ಯಾರ ಮುಂದೆಯೂ ಆಟದ ರೈಲು ಅನ್ನಬಾರದು, ಮುಖ ಕೆಂಪಾಗುತ್ತದೆ. ಮಾದರಿ ರೈಲು ಅನ್ನಬೇಕು. ನಾವಿರುವುದು ಎಸ್ಲಿಂಗೆನ್‌ನಲ್ಲಿ. ಹತ್ತಿರದ ಗ್ಯೋಪಿಂಗೆನ್‌ನಲ್ಲೇ ಮೆರ್ಕ್ಲಿನ್ ಕಂಪನಿ ಇದೆ. 1859ರಲ್ಲಿ ಬೊಂಬೆಮನೆಗೆ ತಗಡಿನ ಅಡುಗೆ ಸಾಮಾನು ಮಾಡುತ್ತಾ ಶುರುವಾದದ್ದು, ಆಮೇಲೆ ರೈಲಿಗೆ ಬಂತು. ಈ ಭಾಗದ ಅಜ್ಜಂದಿರ ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಭರಣಿ ಇರುವಷ್ಟೇ ಸಹಜವಾಗಿ ಒಂದು ರೈಲು ಇರುತ್ತದೆ.

ಓಪಾ ಒಂದು ಜೇಬಿನಿಂದ ಕನ್ನಡಕ ತೆಗೆದರು, ಇನ್ನೊಂದರಿಂದ ವರ್ನಿಯರ್. ಬಗ್ಗಿ ಹಳಿ ಅಳೆದರು.

"ನಿಮ್ಮ ದೇಶದ ಹಳಿ ಎಷ್ಟು ಅಗಲ?"

"1676 ಮಿಲಿಮೀಟರ್."

ಮನಸ್ಸಲ್ಲೇ ಭಾಗಿಸಿದರು. "ಹಾಗಾದರೆ ಇದು 19 ದಾಟಬೇಕಿತ್ತು. ಇರುವುದು ಹದಿನಾರೂವರೆ."

ಇಲ್ಲಿ ಸಿಗುವುದು ಇಲ್ಲಿನ 1435ರ ಲೆಕ್ಕದ ಹಳಿ, ಏನು ಮಾಡಲಿ ಅಂದೆ. ಅದನ್ನು ಕ್ಷಮಿಸಿದರು. ತೆಂಗಿನ ಮರದ ಹತ್ತಿರ ಮತ್ತೆ ನಿಂತರು. ಮನೆ 7 ಸೆಂಟಿಮೀಟರ್, ಮರ 20. ಇದು ಜಿರಾಫೆಯಾ ಅಂತ ಕೇಳಿದರು. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಕಾಸರಗೋಡಿನವನ ಹತ್ತಿರ ತೆಂಗಿನ ಮರದ ಎತ್ತರ ಕೇಳುವುದಾ! ನಿಜವಾದ ಮರ ಹದಿನೇಳು ಹದಿನೆಂಟು ಮೀಟರ್ ಇರುತ್ತದೆ, ಲೆಕ್ಕ ಹಾಕಿ ನೋಡಿ ಅಂದೆ. ಹಾಕಿದರು. ತಲೆಯಾಡಿಸಿದರು. ಅಂಗಡಿಯಲ್ಲಿ ಪ್ಲಾಸ್ಟಿಕ್ ತೆಂಗಿನ ಮರ ಸಿಗುತ್ತದೆ, ಆದರೆ ಅದರ ಕೆಳಗೆ ಯಾರೋ ಚಡ್ಡಿ ಹಾಕಿ ಮಲಗಿರಬೇಕು ಅನ್ನಿಸುತ್ತದೆ. ನಾನು ತಂತಿ ಹುರಿ ಮಾಡಿ, ಕಾಗದದ ಟೇಪು ಸುತ್ತಿ, ಗರಿಗಳನ್ನು ಒಂದೊಂದಾಗಿ ಕತ್ತರಿಯಲ್ಲಿ ಸೀಳಿದ್ದು. ಅಡಿಕೆಗೆ ಕಬಾಬಿನ ಬಿದಿರು ಕಡ್ಡಿ ಸಾಕಾಯಿತು.

ಆಮೇಲೆ ಅವರು ಕನ್ನಡಕ ತೆಗೆದು ಕೇಳಿದರು.

"ಇದು ಯಾವ ವರ್ಷ?"

"ವರ್ಷ ಅಂತ ಏನಿಲ್ಲ. ನಮ್ಮ ಊರು."

ಬೆರಳಿನಿಂದ ಮೂರು ಕಡೆ ತೋರಿಸಿದರು. ಹಳಿಯ ಮೇಲಿದ್ದ ಉಗಿಬಂಡಿ. ಹಂಚಿನ ಮನೆ. ಮನೆಯ ಹಿಂದೆ ಮಗಳು ಹಲ್ಲುಕಡ್ಡಿ ಜೋಡಿಸಿ ಮಾಡಿದ್ದ ಮೊಬೈಲ್ ಟವರ್.

"ಈ ಮೂರೂ ಒಟ್ಟಿಗೆ ನಿಂತದ್ದನ್ನು ನೀವು ನೋಡಿದ್ದೀರಾ?"

"ಇಲ್ಲ."

"ಮತ್ತೆ ಯಾರು ನೋಡಿದ್ದಾರೆ?"

ಹಳಿ ಸಣ್ಣದಾದದ್ದಕ್ಕೆ ಬೇಸರ ಆಗಿರಲಿಲ್ಲ. ಇದಕ್ಕೆ ಆಯಿತು. ಏಳು ತಿಂಗಳು ಕಟ್ಟಿದ್ದು ಯಾರೂ ನೋಡದ ಊರು ಅಂದರೆ ಹೇಗಿರುತ್ತದೆ ಹೇಳಿ. ಅಲ್ಲೇ ಕೂತಿದ್ದ ಮಗಳು ಮಾತ್ರ ತಣ್ಣಗೆ, "ಟವರ್ ನಾನು ನೋಡಿದ್ದೇನೆ. ಅದರ ಹತ್ತಿರ ಹೋದರೆ ಮಾತ್ರ ವಿಡಿಯೋ ಓಡುತ್ತದೆ" ಅಂದಳು. ಅವಳ ಕುಂಬಳೆ ಅದು. ಎರಡು ವರ್ಷಕ್ಕೊಮ್ಮೆ, ಮೂರು ವಾರ.

ಈ ಹವ್ಯಾಸದವರಿಗೆ ವರ್ಷ ಅಂದರೆ ದೊಡ್ಡ ವಿಷಯ. ರೈಲಿನ ಇತಿಹಾಸವನ್ನೇ ಕಾಲಘಟ್ಟಗಳಾಗಿ ಕತ್ತರಿಸಿ ನಂಬರು ಕೊಟ್ಟಿದ್ದಾರೆ. ಮೂರನೆಯದು ಅಂದರೆ ಹೆಚ್ಚುಕಡಿಮೆ 1949ರಿಂದ 1970. ಒಮ್ಮೆ ಆರಿಸಿದ ಮೇಲೆ ಬೋಗಿಯ ಬಣ್ಣ, ಕಾರು, ಗೋಡೆಯ ಜಾಹೀರಾತು, ಹೆಂಗಸರ ಲಂಗದ ಉದ್ದ ಎಲ್ಲವೂ ಅದಕ್ಕೆ ತಕ್ಕ ಹಾಗೆ ಇರಬೇಕು. "ನಿಮ್ಮಲ್ಲಿ ರೈಲು ಬಂದದ್ದು ಯಾವಾಗ?" ಅಂತ ಕೇಳಿದರು. 1907ಕ್ಕೆ ಮಂಗಳೂರು ಮುಟ್ಟಿತು ಅಂದೆ. "ಸರಿ, ಅಲ್ಲಿಂದ ಇವತ್ತಿನವರೆಗೆ ನಿಮಗೆ ನೂರಕ್ಕಿಂತ ಜಾಸ್ತಿ ವರ್ಷ ಇದೆ. ಒಂದನ್ನು ಆರಿಸಿ."

ಅವರದ್ದು 1937. ಅವರ ನೆಲಮಾಳಿಗೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಬೊಹೇಮಿಯದ ಒಂದು ಹಳ್ಳಿಯ ಸ್ಟೇಷನ್ ಅದು, ಈಗ ಜೆಕ್ ದೇಶದಲ್ಲಿದೆ. 1946ರಲ್ಲಿ ಅಲ್ಲಿನ ಜರ್ಮನ್ ಮಾತಾಡುವವರನ್ನೆಲ್ಲ ರೈಲಿಗೆ ಹತ್ತಿಸಿ ಕಳಿಸಿದಾಗ ಓಪಾ ಎಂಟು ವರ್ಷದ ಹುಡುಗ. ಹುಟ್ಟಿದ್ದು 1938ರಲ್ಲಿ. ಹಾಗಿದ್ದರೆ 1937 ಯಾಕೆ, ನೀವು ಹುಟ್ಟಿಯೇ ಇರಲಿಲ್ಲವಲ್ಲ ಅಂತ ಒಮ್ಮೆ ಕೇಳಿದ್ದೆ. "ಒಂದು ವರ್ಷ ಮುಂದೆ ಹೋದರೆ ಸ್ಟೇಷನ್ನಿನ ಮೇಲೆ ಬೇರೆ ಬಾವುಟ ಹಾರಿಸಬೇಕಾಗುತ್ತದೆ" ಅಂದು ಬೇರೆ ಮಾತಿಗೆ ಹೋದರು. 1938ರಲ್ಲಿ ಹಿಟ್ಲರ್ ಆ ಭಾಗವನ್ನು ಜರ್ಮನಿಗೆ ಸೇರಿಸಿಕೊಂಡಿದ್ದ. ಅವರ ಸ್ಟೇಷನ್ನಿನ ಬೋರ್ಡಿನಲ್ಲಿ ಊರಿಗೆ ಎರಡು ಹೆಸರು. ಮೇಲೆ ಜೆಕ್, ಕೆಳಗೆ ಜರ್ಮನ್.

ನನ್ನ ಪ್ಲಾಟ್‌ಫಾರಂನಲ್ಲೂ ಹಳದಿ ಬೋರ್ಡು ನಿಲ್ಲಿಸಿದ್ದೇನೆ. ಇನ್ನೂ ಖಾಲಿ. ಮಗಳ ಅಕ್ಷರ ಸಣ್ಣ, ಚೆಂದ, ಅವಳೇ ಬರೆಯುವುದು ಅಂತ ಮಾತಾಗಿತ್ತು. ಬ್ರಷ್ ಹಿಡಿದು "ಏನಂತ ಬರೆಯಲಿ?" ಅಂದಳು. ಕುಂಬಳೆ ಅಂದೆ. "ಮತ್ತೆ ಮ್ಯಾಪಿನಲ್ಲಿ ಕುಂಬ್ಲ ಅಂತ ಇದೆ? ಬಸ್ಸಿನಲ್ಲಿ ಆ ಮಾಮ ಕುಂಬಳ, ಕುಂಬಳ ಅಂತ ಕೂಗುತ್ತಿದ್ದರು?" ಮೂರೂ ಸರಿ ಅಂದೆ. "ಮೂರು ಹೇಗೆ ಸರಿ ಆಗುತ್ತದೆ?" ಅಂತ ಬ್ರಷ್ ತೊಳೆದು ಇಟ್ಟಳು. ಕಾಸರಗೋಡಿನಲ್ಲಿ ಬೆಳೆದ ಮಕ್ಕಳು ಈ ಪ್ರಶ್ನೆ ಕೇಳುವುದೇ ಇಲ್ಲ. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತುಳು, ಪೇಟೆಯಲ್ಲಿ ಮಲಯಾಳ. ಯಾವ ಭಾಷೆಯವರು ಸಿಕ್ಕಿದರೋ ಊರಿಗೆ ಆ ಹೆಸರು.

ವರ್ಷ ಆರಿಸೋಣ ಅಂತ ಕೂತರೆ ನನಗೆ ನೆನಪಾದದ್ದು ಅಜ್ಜನ ತಗಡಿನ ಡಬ್ಬಿ. ಈಗಲೂ ಅಮ್ಮನ ಕಪಾಟಿನಲ್ಲಿದೆ. ಒಳಗೆಲ್ಲ ಹಳೇ ಕಾರ್ಡು, ಇನ್‌ಲ್ಯಾಂಡ್ ಲೆಟರ್. ಮೊದಲಿನವುಗಳಲ್ಲಿ ವಿಳಾಸ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕಣ್ಣಾನೂರು ಜಿಲ್ಲೆ. ಕೊನೆಯ ಕೆಲವು, 1984ರ ನಂತರದವು, ಕಾಸರಗೋಡು ಜಿಲ್ಲೆ. ಮನೆ ಅದೇ, ಪೋಸ್ಟ್‌ಮ್ಯಾನ್ ನಡೆದು ಬರುವ ಗದ್ದೆಯ ಬದುವೂ ಅದೇ. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಆ ದಿನ ಅಜ್ಜ ಎಂದಿನಂತೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರಂತೆ. ಓಪಾನ ಮನೆಯವರ ಹಾಗೆ ಯಾರೂ ನಮ್ಮನ್ನು ರೈಲು ಹತ್ತಿಸಲಿಲ್ಲ. ಆ ಎರಡನ್ನು ಹೋಲಿಸಲೇಬಾರದು ಅಂತ ನನಗೆ ಗೊತ್ತು. ಆದರೂ ಅವರ ಬೋರ್ಡಿನ ಮುಂದೆ ನಿಂತಾಗ ಹೋಲಿಸದೆ ಇರಲು ಆಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಓಪಾನನ್ನು ನೋಡಿ ಹೊಟ್ಟೆಕಿಚ್ಚು. ಅವರ ಹತ್ತಿರ ಆ ಸ್ಟೇಷನ್ನಿನ ನಕ್ಷೆ ಇದೆ. ಕಿಟಕಿಯ ಅಗಲ, ಗೋಡೆಯ ಎತ್ತರ, ಎಲ್ಲ ಕಾಗದದಲ್ಲಿ. ಬಿಟ್ಟು ಬಂದವರ ಹತ್ತಿರ ಅಷ್ಟಿದೆ. ನಾವು ಅಲ್ಲೇ ಇದ್ದವರು. ಹಳೇ ಮನೆಯನ್ನು ಅಣ್ಣ 2014ರಲ್ಲಿ ಕೆಡವಿ ತಾರಸಿ ಮನೆ ಕಟ್ಟಿದ. ತಪ್ಪಲ್ಲ, ಸೋರುತ್ತಿತ್ತು, ನಾನೇನು ಬಂದು ಹಂಚು ಸರಿಮಾಡುತ್ತಿದ್ದೆನಾ? ಆದರೆ ಕೆಡವುವ ಮೊದಲು ಒಬ್ಬರಾದರೂ ಟೇಪು ಹಿಡಿದು ಅಳೆಯಬಾರದಿತ್ತೇ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಳೇ ಮನೆಯ ಫೋಟೋ ಕಳಿಸಿ ಅಂತ ಕೇಳಿಕೊಂಡೆ. ಊರಿನ ಮಣ್ಣು, ಊರಿನ ಮಳೆ ಅಂತ ದಿನಾ ಬೆಳಗ್ಗೆ ಹತ್ತು ಮೆಸೇಜು ಬರುವ ಗುಂಪು ಅದು. ಜಗಲಿ ಎಷ್ಟು ಅಡಿ ಎತ್ತರ ಇತ್ತು ಅಂತ ಕೇಳಿದ್ದಕ್ಕೆ ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಬಂದ ಫೋಟೋಗಳಲ್ಲಿ ಮನೆಯೇ ಇಲ್ಲ. ಎಲ್ಲ ಮದುವೆ, ಉಪನಯನ. ಸಾಲಾಗಿ ನಿಂತ ಜನರ ಕಿವಿಗಳ ನಡುವೆ ಅಷ್ಟಷ್ಟು ಗೋಡೆ ಕಾಣುತ್ತದೆ.

ಒಂದರಲ್ಲಿ ಮಾತ್ರ ಸೋದರಮಾವ ಮುಂಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದರು. ಮಾವನ ಎತ್ತರ ಐದು ಅಡಿ ಆರು ಇಂಚು, ಇದರಲ್ಲಿ ಅನುಮಾನವಿಲ್ಲ, ಅವರೇ ಎಲ್ಲರಿಗೂ ಹೇಳುತ್ತಿರುತ್ತಾರೆ. ಬಾಗಿಲು ಅವರಿಗಿಂತ ಒಂದು ಗೇಣು ಎತ್ತರ. ಅಂದರೆ ಹಲಗೆಯ ಮೇಲೆ 22 ಮಿಲಿಮೀಟರ್. ಕಿಟಕಿ ಅವರ ಭುಜಕ್ಕೆ. ಜಗಲಿ ಮೊಣಕಾಲಿಗೆ. ಹೀಗೆ ಇಡೀ ಮನೆಯನ್ನು ಮಾವನ ಲೆಕ್ಕದಲ್ಲಿ ಕಟ್ಟಿದ್ದೇನೆ. ಅವರು ಎತ್ತರ ಸುಳ್ಳು ಹೇಳಿದ್ದರೆ ಮನೆಯೂ ಸುಳ್ಳು.

ಗೋಡೆ ಮುರಕಲ್ಲಿನದು. ದಪ್ಪ ಫೋಮ್ ಹಲಗೆಯಲ್ಲಿ ಪೆನ್ಸಿಲಿನಿಂದ ಕಲ್ಲಿನ ಸಾಲು ಗೀರಿ, ಹಳೇ ಟೂತ್‌ಬ್ರಷ್ಷಿನಿಂದ ಒತ್ತಿದರೆ ಥೇಟ್ ಮುರಕಲ್ಲಿನ ತೂತು. ನೆಲಕ್ಕೆ ಕೆಂಪು ಮಣ್ಣು ಬೇಕಿತ್ತು. ಒಡೆದ ಹೂಕುಂಡವನ್ನು ಕುಟ್ಟಿ ಪುಡಿ ಮಾಡಿ ಚಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಆ ಜಾಲರಿ ಈಗ ಅಡುಗೆಮನೆಗೆ ವಾಪಸು ಹೋಗುವಂತಿಲ್ಲ. ಮಣ್ಣು ಉದುರಿಸಿದ ಮೇಲೆ ಬಿಳಿ ಅಂಟಿಗೆ ನೀರು ಬೆರೆಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಔಷಧಿಯ ಡ್ರಾಪರಿನಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಸೋಪು ಇಲ್ಲದಿದ್ದರೆ ಅಂಟು ಮಣ್ಣಿನ ಮೇಲೆ ಮುತ್ತಾಗಿ ನಿಲ್ಲುತ್ತದೆ, ಇಳಿಯುವುದಿಲ್ಲ. ಹಳಿಯ ನಡುವಿನ ಜಲ್ಲಿಗೂ ಇದೇ ಉಪಾಯ.

ಮಾಡಿಗೆ, ಅಂದರೆ ಚಾವಣಿಗೆ, ಮೂರು ವಾರ ಹಿಡಿಯಿತು. ಒಂದು ಹಂಚು ಸುಮಾರು ಐದು ಮಿಲಿಮೀಟರ್ ಉದ್ದ, ಮೂರು ಅಗಲ. ಬಿಡಿಬಿಡಿಯಾಗಿ ನಲವತ್ತು ಕತ್ತರಿಸುವಷ್ಟರಲ್ಲಿ ಬುದ್ಧಿ ಬಂತು. ಮತ್ತೆ ದಪ್ಪ ಕಾಗದದ ಪಟ್ಟಿ ಮಾಡಿ, ಶಾಯಿ ಮುಗಿದ ಪೆನ್ನಿನಿಂದ ಗೆರೆ ಒತ್ತಿ ಸಾಲು ಸಾಲಾಗಿ ಅಂಟಿಸಿದೆ. ಓಪಾ ಮೆಚ್ಚಿದ್ದು ಇದೊಂದನ್ನೇ. ಇದನ್ನು ಮಂಗಳೂರು ಹಂಚು ಅನ್ನುತ್ತೇವೆ, 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಶನರಿ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದರು ಅಂತ ಹೇಳಿದೆ. "ಅಂದರೆ ನಮ್ಮವರದ್ದು!" ಅಂದು ಮತ್ತೊಮ್ಮೆ ವರ್ನಿಯರ್ ಹೊರಗೆ ತೆಗೆದರು.

ಆ ರಾತ್ರಿ ನಾನು ವರ್ಷ ಆರಿಸಿಯೇಬಿಟ್ಟೆ. 1955. ಅಜ್ಜನ ಕಾಲ, ಇನ್ನೂ ದಕ್ಷಿಣ ಕನ್ನಡ. ಬೋರ್ಡಿನ ತಲೆನೋವೂ ಕಡಿಮೆ. ಮಗಳನ್ನು ಹೇಗೋ ಒಪ್ಪಿಸಿ ಟವರ್ ತೆಗೆದರೆ ಮುಗಿಯಿತು. ಮಾರನೇ ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಹಲಗೆಯ ಮೇಲೆ ಮೆಲ್ಲ ಓಡಿಸಿದೆ. ಬಾವಿಯ ಹತ್ತಿರ ಬಂದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ಯಾವಾಗಿನದ್ದು ಮಾಡಿದ್ದು?" ಅಂದಳು. ಅವಳೂ ಅದನ್ನೇ ಕೇಳಬೇಕಾ!

"ಐವತ್ತೈದರದ್ದು."

"ಐವತ್ತೈದರಲ್ಲಿ ಹಂಚು ಎಲ್ಲಿತ್ತು ಮಾರಾಯ? ಮುಳಿಮಾಡು ಅಲ್ವಾ ಆಗ. ಹಂಚು ಹಾಕಿದ್ದು ನೀನು ಹೊಟ್ಟೆಯಲ್ಲಿದ್ದಾಗ, ಎಪ್ಪತ್ತೆಂಟರಲ್ಲಿ. ಅಜ್ಜ ಅಡಿಕೆ ಮಾರಿದ ದುಡ್ಡು ಪೂರ ಅದಕ್ಕೇ ಹೋಯಿತು."

ಮೂರು ವಾರದ ಹಂಚು. ನನಗೆ ಮುಳಿಹುಲ್ಲಿನ ಮನೆ ಗೊತ್ತೇ ಇಲ್ಲ. ಅಜ್ಜನ ಮನೆ ಅಂತ ನಾನು ಇಷ್ಟು ವರ್ಷ ತಲೆಯೊಳಗೆ ಇಟ್ಟುಕೊಂಡದ್ದು ಅಜ್ಜ ಮುದುಕನಾದ ಮೇಲಿನ ಮನೆ. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಅಕ್ಕಪಕ್ಕದವರೆಲ್ಲ ಸೇರಿ ಮುಳಿ ಹೊದೆಸುತ್ತಿದ್ದದ್ದು, ಆ ದಿನ ದೊಡ್ಡ ಹಂಡೆಯಲ್ಲಿ ಗಂಜಿ ಬೇಯುತ್ತಿದ್ದದ್ದು, ಹಳೇ ಹುಲ್ಲು ತೆಗೆಯುವಾಗ ಚೇಳು ಬೀಳುತ್ತಿದ್ದದ್ದು, ಇದನ್ನೆಲ್ಲ ಅಮ್ಮ ಅರ್ಧ ಗಂಟೆ ಹೇಳಿದಳು. ನಲವತ್ತಾರು ವರ್ಷದಲ್ಲಿ ಮೊದಲ ಸಲ ಕೇಳಿದೆ.

ಓಪಾನಿಗೆ ಸಂಕಟ ಹೇಳಿಕೊಂಡರೆ ನಗಲಿಲ್ಲ. ಮನೆಗೆ ಹೋಗಿ ಒಂದು ಜಡೆ ತಂದುಕೊಟ್ಟರು. ನಲ್ಲಿಯ ಜೋಡಣೆಗೆ ಪ್ಲಂಬರುಗಳು ಸುತ್ತುತ್ತಾರಲ್ಲ, ಆ ನಾರು. ಬಣ್ಣವೂ ಒಣಹುಲ್ಲಿನದೇ. ಎರಡನೇ ಮಾಡು ಅಮ್ಮನ ಉಸ್ತುವಾರಿಯಲ್ಲೇ ಆಯಿತು. "ಕೆಳಗಿನಿಂದ ಮೇಲಕ್ಕೆ ಹೊದೆಸು. ಮೇಲಿನಿಂದ ಶುರು ಮಾಡಿದರೆ ನೀರು ಒಳಗೆ ಬರುತ್ತದೆ." ಎಸ್ಲಿಂಗೆನ್ನಿನ ನೆಲಮಾಳಿಗೆಯಲ್ಲಿ, ಅಂಗೈಯಗಲದ ಮನೆಗೆ!

ಹಂಚಿನ ಮಾಡನ್ನು ಬಿಸಾಡಲು ಮನಸ್ಸು ಬರಲಿಲ್ಲ. ಪುಣ್ಯಕ್ಕೆ ಗೋಡೆಗೆ ಅಂಟಿಸಿರಲಿಲ್ಲ. ಈಗ ಎರಡೂ ಪಕ್ಕದಲ್ಲೇ ಇರುತ್ತವೆ, ಬೇಕಾದ್ದನ್ನು ತೆಗೆದು ಕೂರಿಸಬಹುದು. ಮುಳಿಮಾಡು ಕೂರಿಸಿದ ದಿನ ಟವರ್ ತೆಗೆಯಬೇಕು ಅಂತ ಮಗಳ ಜೊತೆ ಒಪ್ಪಂದ ಆಗಿದೆ. ಬದಲಿಗೆ ಅವಳಿಗೂ ಒಂದು ಮಾಡು ಬೇಕಂತೆ, ದೊಡ್ಡಪ್ಪನ ತಾರಸಿ, ಮೇಲೆ ಕರಿ ಟ್ಯಾಂಕು.

ಅದು ಮೂರರಲ್ಲೂ ಸುಲಭದ್ದು. ಒಂದು ರಟ್ಟಿನ ತುಂಡು, ಐದು ನಿಮಿಷದ ಕೆಲಸ. ಟ್ಯಾಂಕಿಗೆ ಅಂತ ಟೂತ್‌ಪೇಸ್ಟಿನ ಮುಚ್ಚಳ ತೆಗೆದು ಕಪ್ಪು ಬಣ್ಣವನ್ನೂ ಹಚ್ಚಿಟ್ಟಿದ್ದೇನೆ. ಮಗಳು ದಿನಾ ಶಾಲೆಯಿಂದ ಬಂದು ಆಯಿತಾ ಅಂತ ಕೇಳುತ್ತಾಳೆ. ಇಲ್ಲ, ಇನ್ನೂ ರಟ್ಟು ಕತ್ತರಿಸಿಲ್ಲ.