ಖಾಲಿ ಕಲ್ಯಾಣ ಮಂಟಪ

ಜನವರಿ 19, 2025, ಭಾನುವಾರ
ಶ್ರೀರಂಗಪಟ್ಟಣದ ಹತ್ತಿರ, ರಾತ್ರಿ ಹತ್ತೂವರೆ

ಇಂದು ರಜೆ. ರಜೆ ನಮ್ಮ ಸರಣಿಯ ಶೂಟಿಂಗ್ ಯೂನಿಟ್‌ಗೆ, ಲೆಕ್ಕ ಬರೆಯುವವನಿಗಲ್ಲ. ಬೆಳಗ್ಗೆ ತಿಂಡಿ ಮುಗಿಸಿ ಕೂತವನು, ನಡುವೆ ಒಮ್ಮೆ ಹೊರಗೆ ಹೋಗಿಬಂದದ್ದು ಬಿಟ್ಟರೆ, ಈಗ ಎದ್ದಿದ್ದೇನೆ. ಲಾಡ್ಜಿನ ಮಂಚದ ತುಂಬ ಚೀಟಿಗಳು. ಊಟದ ಚೀಟಿ, ಜೂನಿಯರ್ ಕಲಾವಿದರ ಬಾಟಾ (ದಿನಭತ್ಯೆ) ಚೀಟಿ, ಬಾಡಿಗೆ ಕಾರಿನ ಟ್ರಿಪ್ ಹಾಳೆ. ಇವೆಲ್ಲ ಹಳೆಯ ಪರಿಚಯದವು. ಹೊಸದು ಒಂದೇ: ನಮಗೆ ದುಡ್ಡು ಹಾಕುತ್ತಿರುವ ಸಂಸ್ಥೆ (ಹೆಸರು ಬೇಡ, ಇನ್ನೂ ಎರಡು ಕಂತು ಬರಬೇಕಿದೆ) ಕಳುಹಿಸಿರುವ ‘ಇಂಗಾಲದ ಹಾಳೆ’. ಎಷ್ಟು ಲೀಟರ್ ಡೀಸೆಲ್, ಎಷ್ಟು ಕಿಲೋಮೀಟರ್ ಪ್ರಯಾಣ, ಎಷ್ಟು ಕೋಣೆ, ಎಷ್ಟು ಯೂನಿಟ್ ವಿದ್ಯುತ್ ಎಂದು ದಿನವಾರು ತುಂಬಿಸಬೇಕು, ಶೂಟಿಂಗ್ ಬಿಟ್ಟ ಹೊಗೆಯ ಲೆಕ್ಕಕ್ಕೆ. ಎಂಟು ದಿನ ತಳ್ಳಿಕೊಂಡು ಬಂದೆ. ನಿನ್ನೆ ಮ್ಯಾನೇಜರ್ ‘ಏನೋ ಒಂದು ಬರೆದು ಕಳುಹಿಸಿ’ ಎಂದರು. ಹಾಗೆ ಏನೋ ಒಂದು ಬರೆಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಅದರಿಂದಲೇ ಇಷ್ಟು ವರ್ಷ ಕೆಲಸ ಉಳಿದಿದೆ, ಅದರಿಂದಲೇ ಮೇಲೂ ಹೋಗಿಲ್ಲ.

ಮಧ್ಯಾಹ್ನ ಜನರೇಟರ್ ಹತ್ತಿರ ಹೋದೆ. 125 ಕೆವಿಎ ಶಕ್ತಿಯ ದೊಡ್ಡ ಗಾಡಿ, ಶೂಟಿಂಗ್ ನಡೆಯುವ ತೋಟದ ಬೇಲಿಯ ಪಕ್ಕದಲ್ಲಿ ನಿಂತಿದೆ. ನೋಡಿಕೊಳ್ಳುವ ಆಪರೇಟರ್ ನನಗಿಂತ ಹಿರಿಯರು, ಮಾತು ಕಡಿಮೆ. ಟ್ಯಾಂಕಿನೊಳಗೆ ಇಳಿಬಿಡುವ ಕೋಲೊಂದನ್ನು ತೆಗೆದು ತೋರಿಸಿದರು. ಹಳೆಯ ಅಲ್ಯೂಮಿನಿಯಂ ಪಟ್ಟಿ; ಅದರ ಮೇಲೆ ಅವರೇ ಗರಗಸದಿಂದ ಕೊರೆದ ಗೀರುಗಳು, ಒಂದೊಂದು ಗೀರಿಗೆ ಇಷ್ಟು ಲೀಟರ್ ಎಂಬ ಲೆಕ್ಕ. ಶನಿವಾರ ಬೆಳಗ್ಗೆ ಐದರಿಂದ ಸಂಜೆ ಏಳರವರೆಗೆ ಓಡಿದ್ದು 14 ಗಂಟೆ, ಕುಡಿದದ್ದು 168 ಲೀಟರ್. ನಟರು ಕೂರುವ ಮೂರು ಕ್ಯಾರವಾನ್‌ಗಳಿಗೆ ಅವುಗಳದೇ ಪುಟ್ಟ ಜನರೇಟರ್‌ಗಳಿವೆ. ಮೂರೂ ಸೇರಿ 72. ಒಟ್ಟು 240 ಲೀಟರ್. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್ಲಿನ ತೂಕ ಲೀಟರಿಗೆ ಒಂದು ಕಿಲೋ ಕೂಡ ಇಲ್ಲ, ಹೊಗೆ ಎರಡೂಮುಕ್ಕಾಲು ಕಿಲೋ ಹೇಗೆ ಎಂದು ಆಪರೇಟರ್ ಕೇಳಿದರು. ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದಲ್ಲ ಎಂದೆ. ‘ಅದಕ್ಕೂ ಬಿಲ್ ಹಾಕಿದ್ದರೆ ನಾನು ಬಂಗಲೆ ಕಟ್ಟುತ್ತಿದ್ದೆ’ ಎಂದರು.

ಶನಿವಾರ ಒಂದೇ ದಿನ 643 ಕಿಲೋ ಹೊಗೆ.

ಆಮೇಲೆ ಅವರು ಹೇಳಿದ ಮಾತು ನನ್ನನ್ನು ಇಡೀ ಮಧ್ಯಾಹ್ನ ಕಾಡಿತು. ಈ ಗಾಡಿಯನ್ನು ಬಾಡಿಗೆಗೆ ತರುವುದು ದೊಡ್ಡ ಲೈಟುಗಳಿಗಾಗಿ. ದೊಡ್ಡ ಲೈಟು ಉರಿದದ್ದು ಶನಿವಾರ ಎರಡೂವರೆ ಗಂಟೆ. ಮಿಕ್ಕ ಹನ್ನೊಂದೂವರೆ ಗಂಟೆ ಅಷ್ಟು ದೊಡ್ಡ ಎಂಜಿನ್ ಓಡಿದ್ದು ಮೇಕಪ್ ಕೋಣೆಯ ಬಲ್ಬುಗಳಿಗೆ, ಇಸ್ತ್ರಿ ಪೆಟ್ಟಿಗೆಗೆ, ಮಾನಿಟರಿಗೆ, ಬಿಸಿನೀರಿನ ಕೆಟಲ್ಲಿಗೆ, ಮೊಬೈಲ್ ಚಾರ್ಜ್ ಮಾಡಲು. ಭಾರವಿಲ್ಲದೆ ಓಡುವ ಎಂಜಿನ್ ಒಂದು ಯೂನಿಟ್ ವಿದ್ಯುತ್ತಿಗೆ ಕುಡಿಯುವ ಎಣ್ಣೆ ಹೆಚ್ಚು, ಮೇಲೆ ಕರಿಯೂ ಕಟ್ಟುತ್ತದೆ. ‘ಆನೆಯನ್ನು ತಂದು ಸೊಪ್ಪಿನ ಕಟ್ಟು ಹೊರಿಸುವುದು’ ಎಂದು ಹೇಳಿ ಬೀಡಿ ಹಚ್ಚಿದರು, ಡೀಸೆಲ್ ಟ್ಯಾಂಕಿನಿಂದ ಸಾಕಷ್ಟು ದೂರ ಹೋಗಿ.

ನಮ್ಮ ಸಂಸ್ಥೆಯ ಹಾಳೆಯ ಹಿಂದೆ ಏನಿದೆ ಎಂದು ತಿಳಿಯಲು ಈ ಸಿನಿಮಾ ಜಗತ್ತಿನ ದೊಡ್ಡವರು ಏನು ಮಾಡುತ್ತಾರೆ ಎಂದು ಓದಿದೆ. ನೆಟ್‌ಫ್ಲಿಕ್ಸ್‌ನ ಕಾಗದಗಳು ಎಲ್ಲರಿಗೂ ಸಿಗುವಂತಿವೆ, ಆದ್ದರಿಂದ ಅವನ್ನೇ ಹಿಡಿದೆ. 2020ರಲ್ಲಿ ಎಮ್ಮಾ ಸ್ಟೀವರ್ಟ್ ಎಂಬವರನ್ನು ತಮ್ಮ ಮೊದಲ ಸುಸ್ಥಿರತಾ ಅಧಿಕಾರಿಯಾಗಿ ನೇಮಿಸಿಕೊಂಡರು. 2021ರ ಮಾರ್ಚ್‌ನಲ್ಲಿ ಘೋಷಣೆ ಬಂತು: 2022ರ ಕೊನೆಗೆ ನಿವ್ವಳ ಶೂನ್ಯ, ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹಾಗೆಯೇ; ಮತ್ತು 2030ರೊಳಗೆ ಸ್ವಂತ ಹೊಗೆಯನ್ನು 2019ರ ಮಟ್ಟದಿಂದ ಸರಿಸುಮಾರು ಅರ್ಧಕ್ಕೆ ಇಳಿಸುವುದು. ಈ ಎರಡು ಮಾತುಗಳ ನಡುವೆ ವ್ಯತ್ಯಾಸವಿದೆ, ಲೆಕ್ಕದವರಿಗೆ ತಕ್ಷಣ ಕಾಣುತ್ತದೆ. ಎರಡನೆಯದು ಖರ್ಚು ಕಡಿಮೆ ಮಾಡುವುದು. ಮೊದಲನೆಯದು ಖರ್ಚು ಉಳಿದಿದ್ದರೂ ಬೇರೆಯವರು ಉಳಿಸಿದ ಹೊಗೆಯ ಜಮೆಯನ್ನು (ಕಾರ್ಬನ್ ಕ್ರೆಡಿಟ್) ಕೊಂಡು ತಂದು ಸರಿದೂಗಿಸುವುದು. ಅಮೆರಿಕದ ಆರೆಗಾನ್‌ನಲ್ಲಿ ಲೈಟ್ನಿಂಗ್ ಕ್ರೀಕ್ ರಾಂಚ್ ಎಂಬ ಹುಲ್ಲುಗಾವಲು, ಕೆನ್ಯಾದ ಕಸಿಗಾವ್ ಎಂಬ ಒಣಕಾಡು, ಇವುಗಳನ್ನು ಕಾಯುವ ಯೋಜನೆಗಳಿಂದ ಅವರು ಜಮೆ ಕೊಂಡರು. ಹುಲ್ಲುಗಾವಲು ಉಳಿಯಲಿ, ಬೇಡ ಎನ್ನುವವರಾರು? ಆದರೆ ಈ ವ್ಯಾಪಾರದಲ್ಲಿ ದೂರದಿಂದ ಕಾಣದ ಸಂಗತಿಗಳು ಬಹಳ. 2023ರ ನವೆಂಬರ್‌ನಲ್ಲಿ ಕಸಿಗಾವ್ ಯೋಜನೆಯ ಕೆಲವು ಸಿಬ್ಬಂದಿಯ ಮೇಲೆ ಲೈಂಗಿಕ ಕಿರುಕುಳದ ಆರೋಪಗಳನ್ನು ಹೊತ್ತ ವರದಿಯೊಂದು ಹೊರಬಂತು. ಅಲ್ಲಿಂದ ಕೊಂಡ ಜಮೆ ಯಾರ ಪುಸ್ತಕದಲ್ಲೇ ಇರಲಿ, ಆ ಕಾಗದದಲ್ಲಿ ಟನ್ನುಗಳು ಕಾಣುತ್ತವೆ, ಹೆಂಗಸರು ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಅವರನ್ನು ಹೊಗಳಬೇಕಾದ ಜಾಗವೂ ಇದೆ. ತಮ್ಮ 2020ರ ಲೆಕ್ಕವನ್ನು ಬಿಡಿಸಿ ಹೇಳಿದ್ದಾರೆ: ಒಟ್ಟು 11 ಲಕ್ಷ ಟನ್ ಹೊಗೆ. ಅದರಲ್ಲಿ ಅರ್ಧ ಚಿತ್ರ, ಸರಣಿಗಳ ನಿರ್ಮಾಣದ್ದು. ಶೇ 45ರಷ್ಟು ಕಚೇರಿ ಮತ್ತು ಕೊಂಡ ಸರಕು ಸೇವೆಗಳದ್ದು. ಅಂತರಜಾಲದ ಮೂಲಕ ಕಥೆ ಹರಿಸುವ ಸರ್ವರ್‌ಗಳದ್ದು ಬರೀ ಶೇ 5. ನಾನು ತಲೆಕೆಳಗಾಗಿ ಎಣಿಸಿದ್ದೆ. ಎಲ್ಲೋ ಹಿಮದ ದೇಶದಲ್ಲಿ ಸಾಲು ಸಾಲು ಕಂಪ್ಯೂಟರ್‌ಗಳು ಗುಂಯ್‌ಗುಟ್ಟುತ್ತಾ ಜಗತ್ತನ್ನು ಬಿಸಿ ಮಾಡುತ್ತಿವೆ ಎಂಬ ಚಿತ್ರ ನನ್ನ ತಲೆಯಲ್ಲಿತ್ತು. ದೊಡ್ಡ ಪಾಲು ನಮ್ಮಂಥವರದೇ: ಜನರೇಟರ್, ವ್ಯಾನು, ವಿಮಾನದ ಟಿಕೆಟ್ಟು, ಒಡೆದು ಬಿಸಾಡುವ ಸೆಟ್ಟು. ಹಾಲಿವುಡ್ ಸಂಸ್ಥೆಗಳ ಕೂಟವೊಂದು 2021ರಲ್ಲಿ ಕೊಟ್ಟ ಅಂಕಿಯಂತೆ 7 ಕೋಟಿ ಡಾಲರ್ ಮೀರಿದ ಒಂದು ಸಿನಿಮಾದ ಸರಾಸರಿ ಹೊಗೆ 3,370 ಟನ್, ಒಂದು ಗಂಟೆಯ ಧಾರಾವಾಹಿಯ ಒಂದು ಕಂತಿಗೆ 77 ಟನ್. ಅದರಲ್ಲೂ ಇಂಧನವೇ ಮುಂದು.

ಮನುಷ್ಯ ಕಥೆ ನೋಡಲು ಯಾವಾಗಲೂ ಏನಾದರೂ ಸುಟ್ಟಿದ್ದಾನೆ ಬಿಡಿ. ನನ್ನ ಅಜ್ಜ ಕುಂದಾಪುರದ ಕಡೆ ಯಕ್ಷಗಾನದ ಆಟ ನೋಡುತ್ತಿದ್ದ ಕಾಲದಲ್ಲಿ ರಂಗಸ್ಥಳದ ಎರಡೂ ಬದಿ ದೊಂದಿ. ಎಣ್ಣೆ ಹೊಯ್ಯುವವನೊಬ್ಬ ಇರುತ್ತಿದ್ದ. ಅವನು ತೂಕಡಿಸಿದರೆ ರಾವಣನ ಕಿರೀಟ ಅರ್ಧ ಮಾಯ. ಅವನು ರಾಕ್ಷಸ ವೇಷ ಬರುವ ಮೊದಲು ಎಣ್ಣೆ ಹೊಯ್ಯುತ್ತಿದ್ದ, ಬಂದ ಮೇಲೆ ಸುಮ್ಮನಿರುತ್ತಿದ್ದ ಎಂದು ಅಜ್ಜ ಹೇಳುತ್ತಿದ್ದರು. ಬೇಕಾದಾಗ ಬೇಕಾದಷ್ಟೇ ಬೆಳಕು. ನಾವು ಹನ್ನೊಂದೂವರೆ ಗಂಟೆ ಖಾಲಿ ರಂಗಸ್ಥಳಕ್ಕೆ ಎಣ್ಣೆ ಹೊಯ್ಯುತ್ತಿದ್ದೇವೆ.

ನೆಟ್‌ಫ್ಲಿಕ್ಸ್‌ನವರು ತಮ್ಮ ಕ್ರಮವನ್ನು ಮೂರು ಹೆಜ್ಜೆಯಲ್ಲಿ ಹೇಳುತ್ತಾರೆ: ಮೊದಲು ಬೇಕಾಗುವುದನ್ನೇ ಕಡಿಮೆ ಮಾಡು, ಆಮೇಲೆ ಎಣ್ಣೆಯಿಂದ ವಿದ್ಯುತ್ತಿಗೆ ಬಾ, ಉಳಿದದ್ದನ್ನು ಶುದ್ಧ ಮೂಲಕ್ಕೆ ತಿರುಗಿಸು. ಬ್ರಿಟನ್‌ನಲ್ಲಿ ‘ಬ್ರಿಡ್ಜರ್ಟನ್’ ಸರಣಿಯ ಚಿತ್ರೀಕರಣದಲ್ಲಿ ಡೀಸೆಲ್ ಬದಲು ಹೈಡ್ರೋಜನ್ ಘಟಕ ನಿಲ್ಲಿಸಿ ನೋಡಿದ್ದಾರೆ. ಅದರ ಕೊಳವೆಯಿಂದ ಬರುವುದು ನೀರಿನ ಆವಿ. 2023ರಲ್ಲಿ ಡಿಸ್ನಿಯೊಂದಿಗೆ ಸೇರಿ, ಊರಿಂದೂರಿಗೆ ಸಾಗಿಸಬಲ್ಲ ಶುದ್ಧ ವಿದ್ಯುತ್ ಘಟಕ ಮಾಡುವ ಹೊಸ ಕಂಪನಿಗಳಿಗೆ ಬೆನ್ನುತಟ್ಟುವ ಕಾರ್ಯಕ್ರಮ ಶುರು ಮಾಡಿದ್ದಾರೆ. ಹೈಡ್ರೋಜನ್ ಮಾತನ್ನು ಆಪರೇಟರಿಗೆ ಹೇಳಿದೆ. ಮಂಡ್ಯ ಜಿಲ್ಲೆಯಲ್ಲಿ ಅದು ಯಾವ ಬಂಕಿನಲ್ಲಿ ಸಿಗುತ್ತದೆ ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು.

ಸಂಜೆ ಇನ್ನೊಂದು ಲೆಕ್ಕ ಮಾಡಿ ಸ್ವಲ್ಪ ಪೇಚಿಗೆ ಬಿದ್ದೆ. ಒಂದು ಗಂಟೆ ವಿಡಿಯೊ ನೋಡಿದರೆ ಯುರೋಪಿನ ಸರಾಸರಿಯಲ್ಲಿ ಸುಮಾರು 55 ಗ್ರಾಂ ಹೊಗೆ ಎಂದು ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಎಂಬ ಸಂಸ್ಥೆ 2021ರಲ್ಲಿ ಹೇಳಿದೆ. (ಆ ಅಧ್ಯಯನಕ್ಕೆ ನೆರವು ಕೊಟ್ಟದ್ದು ನೆಟ್‌ಫ್ಲಿಕ್ಸೇ. ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ. ಅರ್ಧ ಗಂಟೆಗೆ 1.6 ಕಿಲೋ ಎಂದು ಪತ್ರಿಕೆಗಳಲ್ಲಿ ಕೋಲಾಹಲ ಎಬ್ಬಿಸಿದ ಫ್ರಾನ್ಸಿನ ಹಳೆಯ ಅಂಕಿಯಲ್ಲಿ ಬಿಟ್‌ಗೂ ಬೈಟ್‌ಗೂ (ಎಂಟು ಬಿಟ್ ಸೇರಿ ಒಂದು ಬೈಟ್) ಅದಲುಬದಲಾಗಿ ಎಂಟು ಪಟ್ಟು ತಪ್ಪಿತ್ತು ಎಂದು ಹೇಳಿದವರೇ ಒಪ್ಪಿಕೊಂಡರು.) ಹಾಗಾದರೆ ನಮ್ಮ ಶನಿವಾರದ 643 ಕಿಲೋ ಒಬ್ಬ ಮನುಷ್ಯ ದಿನಕ್ಕೆರಡು ಗಂಟೆಯಂತೆ ಹದಿನಾರು ವರ್ಷ ನೋಡುವುದಕ್ಕೆ ಸಮ. ಬಹಳ ಖುಷಿಯಾಯಿತು, ಮ್ಯಾನೇಜರಿಗೆ ಹೇಳಲು ಒಳ್ಳೆಯ ಮಾತು ಸಿಕ್ಕಿತು ಎಂದು. ಆಮೇಲೆ ಪೆನ್ನು ತಾನೇ ಮುಂದೆ ಓಡಿತು. ನಮ್ಮದು ಸುಮಾರು ಆರು ಗಂಟೆಯ ಸರಣಿ. ದೇವರ ದಯೆಯಿಂದ ಹತ್ತು ಲಕ್ಷ ಜನ ಪೂರ್ತಿ ನೋಡಿದರು ಎನ್ನಿ. ಅದೇ 55 ಗ್ರಾಂ ಹಿಡಿದರೆ 330 ಟನ್. ನಲವತ್ತು ದಿನದ ಶೂಟಿಂಗಿನ ಡೀಸೆಲ್ ಶನಿವಾರದಷ್ಟೇ ಪ್ರತಿದಿನ ಖರ್ಚಾದರೂ 26 ಟನ್ ದಾಟುವುದಿಲ್ಲ. ನೋಡುವವರದು ಹದಿಮೂರು ಪಟ್ಟು!

ಈ ನೋಡುವವರ ಪಾಲು ನೆಟ್‌ಫ್ಲಿಕ್ಸ್ ತನ್ನ 11 ಲಕ್ಷ ಟನ್ನಿನಲ್ಲಿ ಸೇರಿಸಿಲ್ಲ. ನಿಮ್ಮ ಮನೆಯ ಟಿವಿಯ ವಿದ್ಯುತ್ತು, ನಡುವಿನ ಅಂತರಜಾಲ ಜಾಲದ ವಿದ್ಯುತ್ತು ನಮ್ಮ ಹಿಡಿತದಲ್ಲಿಲ್ಲ, ಆಯಾ ಕಂಪನಿಗಳು ಬರೆದುಕೊಳ್ಳಲಿ ಎಂಬುದು ಅವರ ನಿಲುವು. ಅಡುಗೆಯವನು ಅನ್ನ ಬೇಯಿಸಿದ ಸೌದೆಯನ್ನಷ್ಟೇ ಬರೆದು, ಉಂಡವರ ಬಸ್ ಚಾರ್ಜು ನನಗೇಕೆ ಎಂದ ಹಾಗೆ. ಪೂರಾ ತಪ್ಪೆನ್ನಲಾರೆ, ಪೂರಾ ಸರಿ ಎನ್ನಲೂ ಮನಸ್ಸಿಲ್ಲ. 50 ಅಂಗುಲದ ಟಿವಿ ಒಂದು ಮೊಬೈಲಿನ ನೂರು ಪಟ್ಟು ವಿದ್ಯುತ್ ಎಳೆಯುತ್ತದೆ ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕ. ಆ ದೊಡ್ಡ ಪರದೆಯ ಮೇಲೆ ಇನ್ನಷ್ಟು ಚೂಪಾದ ಚಿತ್ರ ಕೊಡುತ್ತೇವೆ ಎಂದು ಹೆಚ್ಚಿನ ಚಂದಾ ವಸೂಲಿ ಮಾಡುವವರೂ ಇವರೇ ಅಲ್ಲವೇ?

ಊಟದ ಹೊತ್ತಿಗೆ ಪೇಚು ಸ್ವಲ್ಪ ಬಿಡಿಸಿತು. ನೋಡುವವರ 55 ಗ್ರಾಂ ವಿದ್ಯುತ್ತಿನದು, ಅದು ಹಾಗೆಯೇ ಇರುವುದಿಲ್ಲ. ನಮ್ಮ ದೇಶದಲ್ಲಿ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಹೊಗೆ. ಪಾವಗಡದಲ್ಲಿ ನಿಂತಿರುವ 2,050 ಮೆಗಾವಾಟ್‌ನ ಸೌರ ಪಾರ್ಕಿನಂಥವು ಹೆಚ್ಚಿದಂತೆಲ್ಲ ಅದು ಇಳಿಯುತ್ತಾ ಹೋಗುತ್ತದೆ, ಟಿವಿ ನೋಡುವವನಿಗೆ ಗೊತ್ತೇ ಆಗದ ಹಾಗೆ. ಲೀಟರ್ ಡೀಸೆಲ್ ಮಾತ್ರ 2050ರಲ್ಲೂ 2.68 ಕಿಲೋವೇ. ಅದನ್ನು ಯಾವ ಸರ್ಕಾರವೂ ದೂರದಿಂದ ಶುದ್ಧ ಮಾಡಿ ಕಳುಹಿಸಲಾರದು. ಅದನ್ನು ಸುಡದೆ ಇರುವುದು ನಿಂತ ಜಾಗದಲ್ಲಿ ನಿಂತವರು ಮಾಡಬೇಕಾದ ಕೆಲಸ.

ನಿಂತ ಜಾಗ ಎಂದಾಗ ಹೇಳಬೇಕಾದದ್ದು ಬಂತು. ಇವತ್ತು ಸಂಜೆ ಜನರೇಟರ್ ಹತ್ತಿರದಿಂದ ಲಾಡ್ಜಿಗೆ ನಡೆದೇ ಬಂದೆ. ಕಬ್ಬಿನ ಗದ್ದೆಯ ಪಕ್ಕದಲ್ಲಿ ಆಲೆಮನೆ. ಹಿಂಡಿ ಉಳಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕಿ ಅದೇ ಕಬ್ಬಿನ ಹಾಲು ಕಾಯಿಸುತ್ತಿದ್ದರು. ಸೌದೆಗೆಂದು ಒಂದು ಚೀಟಿಯೂ ಇಲ್ಲದ ಕಾರ್ಖಾನೆ. ಅದನ್ನು ದಾಟಿದರೆ ರಸ್ತೆಗೆ ತಾಗಿ ಒಂದು ಕಲ್ಯಾಣ ಮಂಟಪ. ಎದುರಿಗೆ ಅದರದೇ ಟ್ರಾನ್ಸ್‌ಫಾರ್ಮರ್, ಕಂಬಿಯ ಬೇಲಿಯೊಳಗೆ. ಗೇಟಿಗೆ ಬೀಗ. ಕಾವಲುಗಾರ ಹೊರಗೆ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದ. ಪುಷ್ಯ ಮಾಸ, ತಿಂಗಳಾಯಿತು ಒಂದು ಮದುವೆ ಇಲ್ಲ ಎಂದ. ಅಡುಗೆಮನೆ, ಹತ್ತು ಕೋಣೆ, ಬಸ್ಸು ನಿಲ್ಲಿಸುವಷ್ಟು ಅಂಗಳ. ಶೂಟಿಂಗಿನವರು ಬಾಡಿಗೆಗೆ ಕೇಳಿದರೆ ಕೊಡುತ್ತಿದ್ದರೇ ಎಂದೆ. ‘ಕರೆಂಟು ಸೇರಿಸಿಯೇ ಕೊಡುತ್ತಾರೆ ಸ್ವಾಮಿ, ಯಾರೂ ಕೇಳಲಿಲ್ಲ’ ಎಂದ.

ಅಲ್ಲಿಂದ ನಮ್ಮ ತೋಟದ ಗೇಟಿಗೆ ವಾಪಸು ಹೋಗಿ ಹೆಜ್ಜೆ ಎಣಿಸಿದೆ. 270 ಹೆಜ್ಜೆ, ನನ್ನ ಕಾಲಿಗೆ ಸುಮಾರು 200 ಮೀಟರ್. ಮೇಕಪ್ಪು, ಬಟ್ಟೆ, ಊಟ, ಕ್ಯಾರವಾನ್ ಎಲ್ಲವೂ ಮಂಟಪದ ಅಂಗಳದಲ್ಲಿ ಕೂರಬಹುದಿತ್ತು. ದೊಡ್ಡ ಲೈಟಿನ ಎರಡೂವರೆ ಗಂಟೆಗೆ ಮಾತ್ರ ಆನೆ ಎದ್ದರೆ ಸಾಕಿತ್ತು. ಜಾಗ ನೋಡಲು ಬಂದ ದಿನ ಮರ, ಬೆಳಕು, ಬಾವಿಕಟ್ಟೆ ಎಲ್ಲದರ ಫೋಟೊ ತೆಗೆದೆವು. ಆ ಕಾರಿನಲ್ಲಿ ನಾನೂ ಇದ್ದೆ. ಕರೆಂಟು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ, ಜನರೇಟರ್ ಹೇಗೂ ಬರುತ್ತದಲ್ಲ.

ಹಾಳೆ ತುಂಬಿಸಿ ಮುಗಿಸಿದೆ. ಎಂಟು ದಿನದ ಡೀಸೆಲ್ ಕೋಲಿನ ಗೀರಿಗೆ ಸರಿಯಾಗಿ ಬರೆದಿದ್ದೇನೆ, ಒಂದು ಲೀಟರ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಯಲ್ಲಿ ‘ಷರಾ’ ಎಂಬ ಕಾಲಂ ಇದೆ, ಸಾಮಾನ್ಯವಾಗಿ ಅಡ್ಡಗೆರೆ ಎಳೆದು ಬಿಡುತ್ತೇವೆ. ಅದರಲ್ಲಿ ಬರೆದೆ: ‘ಚಿತ್ರೀಕರಣ ಸ್ಥಳದಿಂದ 200 ಮೀಟರ್‌ನಲ್ಲಿ ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಕಲ್ಯಾಣ ಮಂಟಪ ಖಾಲಿ ಇದೆ. ಬಾಡಿಗೆ ವಿಚಾರಿಸಿಲ್ಲ.’ ಮ್ಯಾನೇಜರಿಗೆ ಕಳುಹಿಸಿ ಹತ್ತು ನಿಮಿಷವಾಯಿತು. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ. ನಾಳೆ ಐದಕ್ಕೆ ಕಾಲ್‌ಶೀಟ್.