ಪುಲಿಯಾದ ಬಿಸಿಲು, ಒಣಗಿದ ಆಲಿವ್ ಮರಗಳು

ನಾವು ಮೂಡಿಗೆರೆ ಕಡೆ ಕಾಫಿ ತೋಟದವ್ರು, ಇಟಲಿಗೆ ಹೋದ್ರೂ ಕಣ್ಣು ಗಿಡಮರದ ಕಡೆನೇ, ಅದಕ್ಕೆ ರೋಮ್ ಬೇಗ ಮುಗಿಸಿ ದಕ್ಷಿಣದ ಪುಲಿಯಾಗೆ ಹೋದ್ವಿ. ಅಲ್ಲಿನ ಬಾರಿ ಅನ್ನೋ ನಗರದ ಹಳೇ ಊರಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕ್ಕೊಂಡು ಹಿಟ್ಟಿನ ಸಣ್ಣ ತುಂಡನ್ನ ಚಾಕುವಲ್ಲಿ ಎಳೆದು ಹೆಬ್ಬೆರಳಿಂದ ಮಗುಚಿ ಕಿವಿ ಆಕಾರದ ಪಾಸ್ತಾ ಮಾಡ್ತಾರೆ, ಅಮ್ಮ ಅಲ್ಲಿಂದ ಕದಲ್ಲೇ ಇಲ್ಲ. ಅಲ್ಬೆರೋಬೆಲ್ಲೋ ಊರಿನ ಟ್ರುಲ್ಲಿ ಅನ್ನೋ ಶಂಕು ಆಕಾರದ ಮಾಡಿನ ಮನೆಗಳು ಗಾರೆ ಇಲ್ದೆ ಬರೀ ಸುಣ್ಣಕಲ್ಲು ಜೋಡಿಸಿ ಕಟ್ಟಿದ್ದು, 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಚೆಂದನೇ ಆದ್ರೆ ವಿಪರೀತ ಜನ.

ಮನಸ್ಸಲ್ಲಿ ಉಳಿದಿದ್ದು ಲೆಚ್ಚೆ ನಗರದ ಸುತ್ತಲಿನ ಆಲಿವ್ ತೋಟಗಳು. 2013ರಲ್ಲಿ ಅಲ್ಲಿ ಕ್ಸೈಲೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಪತ್ತೆ ಆಯ್ತು, ರಸ ಹೀರೋ ಸಣ್ಣ ಕೀಟದಿಂದ ಹರಡಿ ಮರದೊಳಗೆ ನೀರು ಏರೋ ದಾರಿನೇ ಕಟ್ಟಿಬಿಡುತ್ತೆ, ಲಕ್ಷಾಂತರ ಮರ ಒಣಗಿಹೋಗಿವೆ. ತಿರುಚಿದ ದಪ್ಪ ಕಾಂಡ, ಮೇಲೆ ಒಂದೆಲೆ ಇಲ್ಲ. ಕಾಂಡಕೊರಕ ಹುಳ ಬಂದು ಅರೇಬಿಕಾ ಕಾಫಿ ಗಿಡ ಕಿತ್ತು ಸುಟ್ಟವ್ರಿಗೆ ಆ ಸಂಕಟ ಗೊತ್ತು, ಅಪ್ಪ ಕಾರ್ ನಿಲ್ಸಿ ಇಳಿದು ತೊಗಟೆ ಮುಟ್ಟಿ ಮುಟ್ಟಿ ನೋಡಿದ್ರು. ಈಗ ರೋಗ ತಡ್ಕೊಳ್ಳೋ ಲೆಚ್ಚೀನೋ, ಫಾವೊಲೋಸಾ ತಳಿ ನೆಡ್ತಿದಾರೆ, ಅವು ಚೆನ್ನಾಗಿ ಬರ್ಲಿ.

ಹೋಗೋರು ಜುಲೈ-ಆಗಸ್ಟ್ ಬಿಟ್ಟು ಮೇ ಇಲ್ಲ ಸೆಪ್ಟೆಂಬರ್ ನೋಡ್ಕೊಳ್ಳಿ, ಕಾರ್ ಬಾಡಿಗೆ ತಗೊಳ್ಳಿ, ಹಳ್ಳಿಗಳಿಗೆ ಬಸ್ ಕಮ್ಮಿ.